ಸೊಲ್ಲಾಪುರದ ಜೇನು, ಅಪ್ಪನ ಕಾಲು

ಹೋದ ತಿಂಗಳು ಕೋಗಿಲು ಕ್ರಾಸ್ ಹತ್ತಿರದ ನಮ್ಮ ಮನೆಗೆ ರಾತ್ರಿ ಬಂದರೆ, ಅಪ್ಪ ಕಾಲಿನ ಹುಣ್ಣಿಗೆ ಅಡುಗೆಮನೆ ಜೇನು ಸವರಿ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಅವರಿಗೆ ಹನ್ನೆರಡು ವರ್ಷದಿಂದ ಶುಗರ್. ನಾನು ಬಾಯಿ ತೆರೆಯೋ ಮುಂಚೆಯೇ, "ನಮ್ಮ ಸೊಲ್ಲಾಪುರದ ಡಾಕ್ಟರೇ ಪ್ರೂವ್ ಮಾಡಿದಾರೆ ಕಣೋ" ಅಂದರು.

ಅವರ ಮಾತು ಸುಳ್ಳಲ್ಲ, ಅದೇ ತೊಂದರೆ. ಕನ್ನಡಿಗರೂ ತುಂಬಾ ಇರುವ ಆ ಗಡಿ ಊರಿನ ಡಾ. ಎಂ. ಸುಬ್ರಹ್ಮಣ್ಯಂ 1991ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸರ್ಜರಿ'ಯಲ್ಲಿ ಎರಡು ಪುಟದ ಲೇಖನ ಬರೆದರು. ಸುಟ್ಟಗಾಯದ 104 ರೋಗಿಗಳು. 52 ಜನಕ್ಕೆ ಜೇನು, 52 ಜನಕ್ಕೆ ಸಿಲ್ವರ್ ಸಲ್ಫಾಡಯಜಿನ್ ಮುಲಾಮು. ಏಳು ದಿನದಲ್ಲಿ ಸೋಂಕು ಹತೋಟಿಗೆ ಬಂದದ್ದು ಜೇನಿನವರಲ್ಲಿ ಶೇ. 91, ಮುಲಾಮಿನವರಲ್ಲಿ ಶೇ. 7. ಫಾರ್ವರ್ಡ್ ಮಾಡೋಕೆ ಇದಕ್ಕಿಂತ ಚಂದದ ಅಂಕಿ ಬೇಕಾ?

ಆದರೆ ಓದುವಾಗ ಮೂರು ಪ್ರಶ್ನೆ ಕೇಳಬೇಕು.

ಯಾವ ಗಾಯ? ಅಲ್ಲಿದ್ದದ್ದು ಮೇಲುಮೇಲಿನ ಸುಟ್ಟಗಾಯ, ಶುಗರ್ ಹುಣ್ಣಲ್ಲ.

ಬೇರೆಯವರು ಏನು ಹೇಳ್ತಾರೆ? 2015ರ ಕಾಕ್ರೇನ್ ವಿಮರ್ಶೆ 26 ಪ್ರಯೋಗ, 3,011 ಜನರನ್ನು ಒಟ್ಟಿಗೆ ನೋಡಿತು. ಮಧ್ಯಮ ಆಳದ ಸುಟ್ಟಗಾಯ ಮಾಮೂಲಿ ಡ್ರೆಸಿಂಗ್‌ಗಿಂತ ಜೇನಿನಲ್ಲಿ ನಾಲ್ಕೈದು ದಿನ ಬೇಗ ಮಾಯುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಕ್ಕಿತು. ಸಲ್ಫಾಡಯಜಿನ್‌ಗಿಂತ ಮೇಲು ಅನ್ನೋದಕ್ಕೆ ಸಿಕ್ಕ ಆಧಾರ ತೀರಾ ದುರ್ಬಲ. ಶುಗರ್ ಕಾಲಿನ ವಿಷಯದಲ್ಲಿ ತೀರ್ಮಾನವೇ ಇಲ್ಲ.

ಯಾವ ಜೇನು? ನಾವು ಮರೆಯೋದು ಇದನ್ನೇ. ಜೇನಿನ ಸಕ್ಕರೆ ಬ್ಯಾಕ್ಟೀರಿಯಾದ ನೀರು ಹೀರುತ್ತೆ, ಹುಳಿ ಅವಕ್ಕೆ ಆಗಿಬರಲ್ಲ, ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಕಿಣ್ವ ನಿಧಾನಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತೆ. ಜೇನನ್ನು ಜಾಸ್ತಿ ಬಿಸಿ ಮಾಡಿದರೆ ಆ ಕಿಣ್ವ ಸಾಯುತ್ತೆ. ಬಿಸಿ ಮಾಡದೆ ಬಿಟ್ಟರೆ ಕ್ಲಾಸ್ಟ್ರಿಡಿಯಂ ಬೀಜಾಣು ಉಳಿದಿರಬಹುದು. ಅದಕ್ಕೇ ಆಸ್ಪತ್ರೆಯ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧಿ ಮಾಡ್ತಾರೆ. ಬೀಜಾಣು ಹೋಗುತ್ತೆ, ಗುಣ ಉಳಿಯುತ್ತೆ. ಅಂಗಡಿ ಬಾಟ್ಲಿಗೆ ಈ ಸಂಸ್ಕಾರ ಇಲ್ಲ. ಅದರಲ್ಲಿರೋದು ಜೇನೇ ಅನ್ನೋ ಖಾತ್ರಿಯೂ ಇಲ್ಲ: 2020ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಪರೀಕ್ಷಿಸಿದ 13 ಬ್ರ್ಯಾಂಡುಗಳಲ್ಲಿ ಎಲ್ಲ ಪರೀಕ್ಷೆ ಪಾಸಾದದ್ದು ಮೂರೇ.

ಹಾಗಂತ ಸೊಲ್ಲಾಪುರದ ಕೆಲಸ ಸಣ್ಣದಲ್ಲ. ಅಜ್ಜಿ ಮದ್ದು ಅಂತ ಬದಿಗಿಟ್ಟಿದ್ದನ್ನು ವಾರ್ಡಿಗೆ ತಂದು, ಲೆಕ್ಕ ಇಟ್ಟು, ಜಗತ್ತಿನ ಮುಂದಿಟ್ಟಿತು. ಆ ಲೆಕ್ಕವನ್ನು ನಾವು ಮತ್ತೆ ನಂಬಿಕೆ ಮಾಡಿಕೊಂಡಿದ್ದೇವೆ, ತಪ್ಪು ಅಲ್ಲಿದೆ.

ಅಪ್ಪನ ಬಟ್ಟೆ ಬಿಚ್ಚಿಸಿ ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಸತ್ತ ಚರ್ಮ ತೆಗೆದು, ರಕ್ತ ಸಂಚಾರ ನೋಡಿ, ಆ ಪಾದದ ಮೇಲೆ ಭಾರ ಹಾಕಬೇಡಿ ಅಂದರು. ಇನ್ನೊಂದು ವಾರ ತಡ ಮಾಡಿದ್ರೆ ಬೆರಳು ತೆಗೀಬೇಕಾಗ್ತಿತ್ತು ಅಂದದ್ದು ನನಗೆ ಮಾತ್ರ ಕೇಳಿಸುವ ಹಾಗೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.