ನೀ ಒತ್ತಡ

ಊರಿನ ನಮ್ಮ ಮನೆಯಲ್ಲಿ ಗ್ಯಾರೇಜ್ ಅಂತ ಒಂದು ಜಾಗ ಇರಲಿಲ್ಲ. ಸಿದ್ದಾಪುರದ ಕಡೆಯ ಬಹಳ ಮನೆಗಳ ಹಾಗೆ ನಮ್ಮಲ್ಲೂ ದನ ಕೊಟ್ಟಮೇಲೆ ಕೊಟ್ಟಿಗೆ ಖಾಲಿಯಾಯಿತು, ಖಾಲಿ ಕೊಟ್ಟಿಗೆಗೆ ಕಾರು ಬಂತು, ಕಾರಿನ ಹಿಂದೆ ಚಾಲಿ ಅಡಿಕೆಯ ಚೀಲಗಳು ಬಂದು ಕೂತವು. ಅಡಿಕೆ ಕದ್ದೊಯ್ದ ಸುದ್ದಿ ಅಲ್ಲಿ ಇಲ್ಲಿ ಕೇಳತೊಡಗಿದಾಗ ಅಪ್ಪಯ್ಯ ಕೊಟ್ಟಿಗೆಗೆ ರೋಲಿಂಗ್ ಶಟರ್ ಹಾಕಿಸಿದ. ಅವನ ಭುಜದ ನೋವಿಗಾಗಿ ಶಟರಿಗೆ ಮೋಟರು ಬಂತು. ಇಲ್ಲಿಯವರೆಗಿನ ಎಲ್ಲದಕ್ಕೂ ಒಂದು ಕಾರಣವಿದೆ. ಮೋಟರಿಗೆ ಸ್ಮಾರ್ಟ್ ಕಂಟ್ರೋಲರ್ ಹಾಕಿಸಿದವನು ಮಾತ್ರ ನಾನು. ಅದಕ್ಕಿದ್ದ ಕಾರಣ ಬೆಂಗಳೂರಿನಲ್ಲಿತ್ತು: ರಾತ್ರಿ ಹನ್ನೊಂದಕ್ಕೆ ಫ್ಲ್ಯಾಟಿನಲ್ಲಿ ಮಲಗಿ, ಊರಿನ ಬಾಗಿಲು ಹಾಕಿದೆಯೋ ಇಲ್ಲವೋ ಅಂತ ನೋಡಬೇಕು ಅನ್ನುವ ನನ್ನ ಕಳವಳ.

ಆ ಪೆಟ್ಟಿಗೆ ಮಾಡುವ ಕೆಲಸ ನಿಜಕ್ಕೂ ಬಹಳ ಸಣ್ಣದು. ಒಳಗೊಂದು ವೈಫೈ ಚಿಪ್, ಒಂದು ರಿಲೇ. ಫೋನಿನಲ್ಲಿ ಒತ್ತಿದರೆ ಮಾತು ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಕೊಟ್ಟಿಗೆಗೆ ಬಂದು, ರಿಲೇ ಅರ್ಧ ಸೆಕೆಂಡು ಎರಡು ತಂತಿಗಳನ್ನು ಕೂಡಿಸುತ್ತದೆ. ಗೋಡೆಯ ಬಟನ್ನನ್ನು ಯಾರೋ ಬೆರಳಲ್ಲಿ ಒತ್ತಿದ ಹಾಗೆ, ಅಷ್ಟೇ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ಹೇಳಲು ಬೇರೆ ಒಂದು ಸೆನ್ಸರ್. ಬಾಕ್ಸಿನ ಮೇಲೆ ಹತ್ತು ನಿಮಿಷದಲ್ಲಿ ಇನ್‌ಸ್ಟಾಲ್ ಆಗುತ್ತದೆ ಅಂತ ಬರೆದಿತ್ತು. ನನಗೆ ಎರಡು ವೀಕೆಂಡ್ ಹಿಡಿಯಿತು. ಸಾಫ್ಟ್‌ವೇರ್ ಬರೆದೇ ಅನ್ನ ತಿನ್ನುವವನು ಅಂತ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಮೊದಲ ತೊಡಕು ವೈಫೈ. ಇಂಥ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ನಮ್ಮ ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು ಕೂತಿತ್ತು. ಎರಡನ್ನೂ ಬೇರೆ ಮಾಡಿದ ಮೇಲೆ ಹೊಂದಿಕೊಂಡಿತು. ಆದರೆ ಜಗಲಿಗೂ ಕೊಟ್ಟಿಗೆಗೂ ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅದಕ್ಕೊಂದು ರಿಪೀಟರ್ ಬೇಕಾಯಿತು.

ಎರಡನೆಯದು ಸೆನ್ಸರ್. ಅಮೆರಿಕದ ಗ್ಯಾರೇಜ್ ಬಾಗಿಲು ಹಲಗೆ ಹಲಗೆಯಾಗಿ ಮೇಲೇರಿ ಸೂರಿನ ಕೆಳಗೆ ಅಡ್ಡ ಮಲಗುತ್ತದೆ. ನಿಂತಿದ್ದರೆ ಮುಚ್ಚಿದೆ, ಮಲಗಿದ್ದರೆ ತೆರೆದಿದೆ ಅನ್ನುವುದು ಆ ಸೆನ್ಸರಿನ ಲೆಕ್ಕ. ನಮ್ಮ ಶಟರ್ ಮಲಗುವುದೇ ಇಲ್ಲ, ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಸೆನ್ಸರ್ ಅಂಟಿಸಿದ್ದರೆ ಸುರುಳಿಯೊಳಗೆ ಸಿಕ್ಕಿ ಅಪ್ಪಚ್ಚಿಯಾಗುತ್ತಿತ್ತು. ಕೆಳಗಿನ ಪಟ್ಟಿಗೆ ಅಯಸ್ಕಾಂತದ ಸ್ವಿಚ್ ಹಾಕಿದೆ. ಮಳೆಗಾಲದಲ್ಲಿ ಒಂದು ರಾತ್ರಿ ಅಡಿಕೆ ಸಿಪ್ಪೆಯೊಂದು ಅಡಿಗೆ ಸಿಕ್ಕಿ ಶಟರ್ ಎರಡು ಬೆರಳು ಎತ್ತರದಲ್ಲಿ ನಿಂತಿತು. ಆ್ಯಪ್ ಕೆಂಪು ಅಕ್ಷರದಲ್ಲಿ ಬಾಗಿಲು ತೆರೆದಿದೆ ಅಂದಿತು. ನಾನು ಫೋನ್ ಮಾಡಿ, ಮಲಗಿದ್ದ ಅಪ್ಪಯ್ಯನನ್ನು ಎಬ್ಬಿಸಿ, ಧೋ ಎನ್ನುವ ಮಳೆಯಲ್ಲಿ ಟಾರ್ಚ್ ಹಿಡಿದು ಹೋಗುವ ಹಾಗೆ ಮಾಡಿದೆ. ಕಳವಳ ಕಳೆಯಲೆಂದು ಕೊಂಡ ಸಾಮಾನು ಕಳವಳವನ್ನು ಮನೆಯವರಿಗೂ ಹಂಚಿತು.

ಮೂರನೆಯದು ಎಲ್ಲಕ್ಕಿಂತ ಸಣ್ಣದು ಅಂತ ಕಂಡಿತ್ತು. ನಮ್ಮ ಶಟರ್ ಮೋಟರಿಗೆ ಗೋಡೆಯಲ್ಲಿ ಮೂರು ಬಟನ್: ಮೇಲೆ, ನಿಲ್ಲು, ಕೆಳಗೆ. ನಾನು ತಂದ ಪೆಟ್ಟಿಗೆಗೆ ಗೊತ್ತಿದ್ದುದು ಒಂದೇ ಬಟನ್. ಅಮೆರಿಕದ ಮೋಟರುಗಳಲ್ಲಿ ಒಂದೇ ಬಟನ್ ಸರತಿಯ ಪ್ರಕಾರ ಕೆಲಸ ಮಾಡುತ್ತದೆ: ಒಮ್ಮೆ ಒತ್ತಿದರೆ ಮೇಲೆ, ನಡುವೆ ಒತ್ತಿದರೆ ನಿಲ್ಲು, ಮತ್ತೆ ಒತ್ತಿದರೆ ಕೆಳಗೆ. ನಮ್ಮ ಮೋಟರಿನ ಬೋರ್ಡಿನಲ್ಲೂ ಹಾಗೆ ಮಾಡಿಕೊಳ್ಳಲು ಒಂದು ಜಂಪರ್ ಇತ್ತು. ಬದಲಿಸಿದೆ. ಪೆಟ್ಟಿಗೆ ಕೆಲಸ ಮಾಡಿತು. ಅಪ್ಪಯ್ಯನ ಮೂರು ಬಟನ್ನುಗಳಲ್ಲಿ ಎರಡು ಸತ್ತವು. 'ಒಂದೇ ಬಟನ್, ಇನ್ನೂ ಸುಲಭ' ಅಂದೆ. ಅವನು ಏನೂ ಅನ್ನಲಿಲ್ಲ.

ಆ ಜುಲೈನಲ್ಲಿ ಒಂದು ರಾತ್ರಿ ಆಯಿಗೆ ಉಸಿರಾಟ ಕಷ್ಟವಾಯಿತು. ಎರಡು ದಿನ ಇಲ್ಲದ ಕರೆಂಟು ಸಂಜೆ ಬಂದಿತ್ತು, ನೆಟ್ ಇತ್ತೋ ಇಲ್ಲವೋ ಅನ್ನುವಂತಿತ್ತು. ಅಪ್ಪಯ್ಯ ಫೋನ್ ಮಾಡಿದ. "ಶಟರ್ ತೆಗಿತಿಲ್ಲೆ ತಮಾ" ಅಂದ. ನಾನು ಇಲ್ಲಿಂದ ಆ್ಯಪ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಅಲ್ಲಿ ಅಪ್ಪಯ್ಯ ಗೋಡೆಯ ಬಟನ್ ಒತ್ತಿದ. ಶಟರ್ ಏರತೊಡಗಿತು. ಅಷ್ಟರಲ್ಲಿ ತಡವಾಗಿ ಹೋದ ನನ್ನ ಮೊದಲನೆಯ ಒತ್ತು ತಲುಪಿ ಅದನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸಿತು. ಎರಡನೆಯದು ಕೆಳಗಿಳಿಸಿತು. ಅವನು ಒತ್ತಿದ, ನಿಂತಿತು. ನಾನು ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದೆ. ಮೂನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿ ಇಬ್ಬರು, ಒಬ್ಬಳನ್ನೇ ಉಳಿಸಲು ಹೊರಟು, ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸುತ್ತಿದ್ದೆವು.

ಆಮೇಲೆ ಅಪ್ಪಯ್ಯ ಕೂಗಿದ: "ನೀ ಎಂತೂ ಒತ್ತಡ!"

ನಮ್ಮ ಹವ್ಯಕರ ಮಾತಿನಲ್ಲಿ 'ಒತ್ತಡ' ಅಂದರೆ ಒತ್ತಬೇಡ. ಪುಸ್ತಕದ ಕನ್ನಡದಲ್ಲಿ ಅದರ ಅರ್ಥ ಏನು ಅಂತ ನಿಮಗೆ ಗೊತ್ತು. ಆ ಹೊತ್ತಿಗೆ ಎರಡೂ ಸರಿಯಿದ್ದವು. ನಾನು ಫೋನನ್ನು ಮಂಚದ ಮೇಲೆ ಉಲ್ಟಾ ಇಟ್ಟೆ. ಅವನು ಒಂದು ಸಲ ಒತ್ತಿ ಕಾದ. ಶಟರ್ ಪೂರ್ತಿ ಏರಿತು. ಆಯಿ ಆಸ್ಪತ್ರೆ ಮುಟ್ಟಿದಳು, ಮೂರು ದಿನಕ್ಕೆ ಮನೆಗೆ ಬಂದಳು. ಈಗ ಚೆನ್ನಾಗಿದ್ದಾಳೆ.

ಆ ರಾತ್ರಿ ಯಾವ ಭಾಗವೂ ಕೆಟ್ಟಿರಲಿಲ್ಲ. ರಿಲೇ, ಸರ್ವರ್, ಮೋಟರು ಎಲ್ಲವೂ ಹೇಳಿದ್ದನ್ನೇ ಮಾಡಿದವು. ತಪ್ಪಿದ್ದುದು ಹೇಳುವ ಮಾತಿನಲ್ಲಿ. ಲಿಫ್ಟಿನ ಬಟನ್ನನ್ನು ನೀವು ಹತ್ತು ಸಲ ಒತ್ತಿದರೂ ಲಿಫ್ಟು ಒಂದೇ ಸಲ ಬರುತ್ತದೆ. ನಿಮ್ಮ ಪಕ್ಕದವರು ಒತ್ತಿದರೂ ಏನೂ ಹಾಳಾಗುವುದಿಲ್ಲ. 'ಮೇಲೆ ಹೋಗು' ಅನ್ನುವುದೂ ಅಂಥ ಮಾತು, ಹತ್ತು ಜನ ಹೇಳಿದರೂ ಅರ್ಥ ಒಂದೇ. 'ಈಗ ಮಾಡುತ್ತಿರುವುದನ್ನು ಬಿಟ್ಟು ಮುಂದಿನದನ್ನು ಮಾಡು' ಅನ್ನುವುದು ಬೇರೆಯೇ ಮಾತು. ಬಾಗಿಲ ಎದುರು ಒಬ್ಬನೇ ನಿಂತು, ಕಣ್ಣಿಂದ ನೋಡುತ್ತ ಒತ್ತುವವನಿಗೆ ಅದು ಸಾಕು. ಅದೇ ಬಟನ್ನಿಗೆ ಇಂಟರ್‌ನೆಟ್ಟಿನ ಬಾಲ ಕಟ್ಟಿ, ಬಾಗಿಲು ಕಾಣದವನ ಕೈಗೂ ಕೊಟ್ಟರೆ ಅದು ಅಪಾಯ. ಆಫೀಸಿನಲ್ಲಿ ಜೂನಿಯರ್ ಒಬ್ಬ ಇಂಥ ಕೋಡ್ ಬರೆದಿದ್ದರೆ ನಾನು ರಿವ್ಯೂನಲ್ಲೇ ವಾಪಸ್ ಕಳಿಸುತ್ತಿದ್ದೆ. ಮನೆಗೆ ಮಾತ್ರ ನಾನೇ ಹಾಕಿಸಿದೆ.

ಕಾಣದವನು ಮುಚ್ಚುವ ಬಾಗಿಲು ಅಪಾಯ ಅನ್ನುವುದು ಅಮೆರಿಕದವರಿಗೆ ಗೊತ್ತಿಲ್ಲದ್ದಲ್ಲ. ಬಾಗಿಲ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ, 1993ರಿಂದ ಮನೆಗಳ ಗ್ಯಾರೇಜ್ ಮೋಟರುಗಳಿಗೆ ಅಡ್ಡ ಬಂದವರನ್ನು ಕಾಯುವ ವ್ಯವಸ್ಥೆ ಅಲ್ಲಿ ಕಡ್ಡಾಯವಾಯಿತು. ದೂರದಿಂದ ಮುಚ್ಚುವುದಾದರೆ ಬಾಗಿಲು ಅಲುಗುವ ಮೊದಲು ದೀಪ ಮಿನುಗಬೇಕು, ಸದ್ದು ಬರಬೇಕು ಅಂತಲೂ ಅಲ್ಲಿನ ಸುರಕ್ಷತಾ ಮಾನದಂಡ ಹೇಳುತ್ತದೆ. ನಮ್ಮ ಶಟರಿನ ಜೊತೆ ಆ ಬೆಳಕಿನ ಕಣ್ಣು ಬರಲಿಲ್ಲ, ಬೇರೆ ತಂದು ಹಾಕಿಸಿದೆ. ವಾರಕ್ಕೊಮ್ಮೆ ಅದರ ಮೇಲಿನ ಜೇಡರ ಬಲೆ ಒರೆಸಬೇಕು, ಇಲ್ಲದಿದ್ದರೆ ಶಟರ್ ಇಳಿಯುವುದಿಲ್ಲ. ಒರೆಸುವವನು ಯಾರು ಅಂತ ಹೇಳಬೇಕಾಗಿಲ್ಲ.

ಬಾಗಿಲಿನ ಯಜಮಾನ ಯಾರು ಅನ್ನುವುದು ಇನ್ನೊಂದು ಪ್ರಶ್ನೆ. 2017ರಲ್ಲಿ ಗ್ಯಾರಜೆಟ್ ಎಂಬ ಇಂಥದೇ ಸಾಧನದ ತಯಾರಕರು, ಅಮೆಜಾನಿನಲ್ಲಿ ಒಂದು ಸ್ಟಾರ್ ಕೊಟ್ಟು ಬೈದ ಗ್ರಾಹಕನ ಯೂನಿಟ್ಟಿಗೆ ಸರ್ವರ್ ಸಂಪರ್ಕವನ್ನೇ ನಿಲ್ಲಿಸಿದ್ದರು. 2023ರ ಏಪ್ರಿಲ್‌ನಲ್ಲಿ ನೆಕ್ಸ್ ಕಂಪನಿಯ ಕಂಟ್ರೋಲರುಗಳೆಲ್ಲಕ್ಕೂ ಒಳಗೆ ಒಂದೇ ಪಾಸ್‌ವರ್ಡ್ ಇದೆ, ಅದು ಸಿಕ್ಕವನು ಎಲ್ಲಿಂದಲಾದರೂ ಯಾರ ಬಾಗಿಲನ್ನಾದರೂ ತೆರೆಯಬಹುದು ಅಂತ ಬಯಲಾಯಿತು. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಚೇಂಬರ್ಲೇನ್ ಕಂಪನಿ ತನ್ನ ಮೈಕ್ಯೂ ಸೇವೆಗೆ ಅನುಮತಿಯಿಲ್ಲದ ಹೊರಗಿನ ಆ್ಯಪ್‌ಗಳನ್ನು ತಡೆದದ್ದಾಗಿ ಹೇಳಿತು. ಬಾಗಿಲು ನಿಮ್ಮದು, ಗೋಡೆ ನಿಮ್ಮದು, ಕರೆಂಟು ಬಿಲ್ಲೂ ನಿಮ್ಮದು. ತೆರೆಯುವ ಹಕ್ಕು ಮಾತ್ರ ಬೇರೆಯವರ ಸರ್ವರಿನಲ್ಲಿ.

ನಾನು ಸಣ್ಣವನಿದ್ದಾಗ ನಮ್ಮ ಮನೆಯ ದಾರಿಗೆ ದಣಪೆ ಇತ್ತು. ತೂತು ಕೊರೆದ ಎರಡು ಕಂಬ, ನಡುವೆ ತೂರಿಸಿದ ಬಿದಿರಿನ ಗಳ. ಮೇಲಿನ ಗಳ ಒಂದೇ ಸರಿದಿದ್ದರೆ ಯಾರೋ ದಾಟಿ ಬಂದಿದ್ದಾರೆ, ಎಲ್ಲವೂ ಸರಿದಿದ್ದರೆ ಗಾಡಿ ಬಂದಿದೆ ಅಥವಾ ದನ ಹೋಗಿದೆ. ಜಗಲಿಯಲ್ಲಿ ಕೂತೇ ಆಯಿ ಓದುತ್ತಿದ್ದಳು. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲೂ ಇಂಥದೇ ಒಂದಿದೆ ಅಂತ ತಿಳಿದಾಗ ಖುಷಿಯಾಯಿತು. ತೂತಿನ ಎರಡು ಕಲ್ಲುಕಂಬ, ಮೂರು ಮರದ ಗಳ. ಒಂದೂ ಅಡ್ಡ ಇಲ್ಲದಿದ್ದರೆ ಮನೆಯವರು ಇದ್ದಾರೆ, ಒಂದಿದ್ದರೆ ಹತ್ತಿರದಲ್ಲೇ ಹೋಗಿದ್ದಾರೆ, ಮೂರೂ ಇದ್ದರೆ ದೂರ ಹೋಗಿದ್ದಾರೆ. ದಣಪೆಯಲ್ಲಿ ಅಡಿಕೆ ಉಳಿಯಲಿಕ್ಕಿಲ್ಲ, ಕಳ್ಳನಿಗೆ ಅದು ಅಡ್ಡಿಯೇ ಅಲ್ಲ. ಅದನ್ನು ವಾಪಸ್ ತನ್ನಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ತನ್ನ ಸ್ಥಿತಿಯನ್ನು ಎದುರಿಗಿದ್ದ ಎಲ್ಲರಿಗೂ ಹೇಳುತ್ತಿತ್ತು, ಕೆಟ್ಟರೆ ಮನೆಯವರೇ ಹೊಸ ಗಳ ಕಡಿದು ತೂರಿಸುತ್ತಿದ್ದರು. ಈ ಎರಡು ಗುಣ ಇಲ್ಲದ ಬಾಗಿಲನ್ನು ಸ್ಮಾರ್ಟ್ ಅಂತ ಕರೆಯಲು ನನಗೆ ಈಗ ಮನಸ್ಸು ಬರುವುದಿಲ್ಲ.

ಹಾಗಂತ ಎಲ್ಲವನ್ನೂ ಕಿತ್ತೆಸೆಯಲಿಲ್ಲ. ಜಂಪರ್ ಮೊದಲಿನ ಜಾಗಕ್ಕೆ ಹೋಯಿತು, ಅಪ್ಪಯ್ಯನ ಮೂರು ಬಟನ್ ಬದುಕಿದವು. ಕಂಪನಿಯ ಪೆಟ್ಟಿಗೆಯ ಬದಲು ಇಎಸ್‌ಪಿ ಚಿಪ್ಪಿನ ಒಂದು ಬೋರ್ಡು ತಂದು, ಮೇಲೆ, ನಿಲ್ಲು, ಕೆಳಗೆ ಮೂರಕ್ಕೂ ಬೇರೆ ಬೇರೆ ರಿಲೇ ಕೊಟ್ಟೆ. ಮೇಲಿನದೂ ಕೆಳಗಿನದೂ ಒಟ್ಟಿಗೆ ಕೂಡದಂತೆ ಕಟ್ಟಿದೆ. ಅದು ಮನೆಯ ವೈಫೈನೊಳಗೇ ಕೆಲಸ ಮಾಡುತ್ತದೆ, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕರೆಂಟು ಹೋದರೆ ಎಳೆಯುವ ಸರಪಳಿ ಎಲ್ಲಿದೆ ಅಂತ ಪಕ್ಕದ ಮನೆಯವರಿಗೂ ತೋರಿಸಿದ್ದೇನೆ. ಬೆಂಗಳೂರಿನಿಂದ ನನಗೆ ನೋಡಲು ಮಾತ್ರ ಬರುತ್ತದೆ, ಒತ್ತಲು ಬರುವುದಿಲ್ಲ.

ನೀವೂ ಊರಿನ ಮನೆಗೆ ಇಂಥದ್ದೊಂದನ್ನು ಆರ್ಡರ್ ಮಾಡುವವರಿದ್ದರೆ, ಸ್ಟಾರು ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿ ಇರುವವರ ಕೈಯಿಂದ ನಾನು ಏನನ್ನು ತೆಗೆದುಕೊಳ್ಳುತ್ತಿದ್ದೇನೆ?

ಈಗಲೂ ಕೆಲವು ರಾತ್ರಿ ಫೋನು ಶಟರ್ ತೆರೆದಿದೆ ಅನ್ನುತ್ತದೆ. ಬೆರಳು ತಾನಾಗಿ ಏಳುತ್ತದೆ. ಒತ್ತಲು ಅಲ್ಲಿ ಏನೂ ಇಲ್ಲ. ಬೆಳಿಗ್ಗೆಯ ತನಕ ಕಾದು ಅಪ್ಪಯ್ಯನಿಗೆ ಫೋನ್ ಮಾಡುತ್ತೇನೆ. ಬಾಗಿಲಿನ ಸುದ್ದಿ ಎರಡು ಮಾತಿನಲ್ಲಿ ಮುಗಿಯುತ್ತದೆ. ಆಮೇಲೆ ಮಳೆ, ಅಡಿಕೆಯ ಕೊಳೆ ರೋಗ, ಆಯಿಯ ಮಾತ್ರೆ.