ತತ್ತ್ವೋಪಪ್ಲವಸಿಂಹ: ಸರ್ವಖಂಡನೆ ಮತ್ತು ಮೌಲ್ಯದ ಪ್ರಶ್ನೆ

ಜಯರಾಶಿಭಟ್ಟನ ‘ತತ್ತ್ವೋಪಪ್ಲವಸಿಂಹ’ವು ತನ್ನ ಪ್ರತಿವಾದಿಗಳ ಆಶ್ರಯದಲ್ಲಿಯೇ ಉಳಿದು ಬಂದ ಗ್ರಂಥ. 1926ರಲ್ಲಿ ಪಂಡಿತ ಸುಖಲಾಲ ಸಂಘವಿಯವರಿಗೆ ದೊರೆತ ಇದರ ತಾಳೆಯೋಲೆಯ ಪ್ರತಿಯು ಗುಜರಾತಿನ ಪಾಟಣದ ಜೈನ ಭಂಡಾರಕ್ಕೆ ಸೇರಿದ್ದು. 13ನೆಯ ಶತಮಾನದಲ್ಲಿ ಬರೆದದ್ದು. ಸುಖಲಾಲರೂ ರಸಿಕಲಾಲ ಪರೀಖರೂ ಸಂಪಾದಿಸಿದ ಪಾಠವು 1940ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ 87ನೆಯ ಸಂಪುಟವಾಗಿ ಹೊರಬಂದಿತು. ಅದಕ್ಕೆ ಮೊದಲು ಈ ವಾದವನ್ನು ವಿದ್ಯಾನಂದಾಚಾರ್ಯರ ‘ಅಷ್ಟಸಹಸ್ರಿ’, ಅನಂತವೀರ್ಯರ ‘ಸಿದ್ಧಿವಿನಿಶ್ಚಯಟೀಕೆ’ ಮುಂತಾದವುಗಳ ಪೂರ್ವಪಕ್ಷದಿಂದಲೇ ಊಹಿಸಿಕೊಳ್ಳಬೇಕಾಗಿದ್ದಿತು. ಗಂಗರ ಕಾಲದ ಕನ್ನಡ ನಾಡಿನೊಡನೆ ವಿದ್ಯಾನಂದರಿಗಿದ್ದ ಸಂಬಂಧವನ್ನು ನೆನೆದರೆ, ಈ ವಾದದ ಪರಿಶೀಲನೆಯು ಇಲ್ಲಿಯ ಜೈನ ತರ್ಕಪರಂಪರೆಗೂ ಪರಕೀಯವಲ್ಲ.

ಜಯರಾಶಿಯು ವಸ್ತುಗಳನ್ನು ನೇರವಾಗಿ ನಿರಾಕರಿಸುವುದಿಲ್ಲ. ಅವುಗಳನ್ನು ಅಳೆಯುವ ಪ್ರಮಾಣಗಳನ್ನು ಮುರಿಯುತ್ತಾನೆ. ನೈಯಾಯಿಕರು ಪ್ರತ್ಯಕ್ಷಕ್ಕೆ ಹೇಳಿದ ‘ಅವ್ಯಭಿಚಾರಿ’ ಎಂಬ ವಿಶೇಷಣವನ್ನು ಹಿಡಿದು, ಜ್ಞಾನವು ತಪ್ಪಲ್ಲವೆಂಬುದನ್ನು ತಿಳಿಯುವುದೆಂತು ಎಂದು ಪ್ರಶ್ನಿಸುತ್ತಾನೆ. ನಿರ್ದುಷ್ಟವಾದ ಕಾರಣಸಾಮಗ್ರಿಯಿಂದಲೋ, ಬಾಧಕವಿಲ್ಲದುದರಿಂದಲೋ, ಪ್ರವೃತ್ತಿಯ ಸಾಫಲ್ಯದಿಂದಲೋ? ಇಂದ್ರಿಯದ ನಿರ್ದೋಷತ್ವವು ಇಂದ್ರಿಯಕ್ಕೇ ಗೋಚರವಲ್ಲ. ಇಂದು ಬಾಧಕವಿಲ್ಲವೆಂದರೆ ಎಂದಿಗೂ ಇರದೆಂದಾಗದು. ಸಾಫಲ್ಯದ ಜ್ಞಾನಕ್ಕೂ ಮತ್ತೊಂದು ಪ್ರಮಾಣ ಬೇಕು. ಬೌದ್ಧ, ಮೀಮಾಂಸಕ, ಸಾಂಖ್ಯ, ಜೈನರಾರೂ ಈ ಕತ್ತರಿಯಿಂದ ತಪ್ಪಿಸಿಕೊಂಡಿಲ್ಲ. ಬೃಹಸ್ಪತಿಯ ಸೂತ್ರಗಳನ್ನು ಗೌರವದಿಂದ ಉಲ್ಲೇಖಿಸುವವನು ಕೊನೆಯಲ್ಲಿ, ದೇವಗುರುವಿನ ಬುದ್ಧಿಗೂ ಹೊಳೆಯದ ವಿಕಲ್ಪಗಳು ಇಲ್ಲಿವೆಯೆಂದು ಹೆಮ್ಮೆಪಡುತ್ತಾನೆ. ಇವನನ್ನು ಕೇವಲ ಚಾರ್ವಾಕನೆಂದು ಸೂಚಿಯಲ್ಲಿ ನಮೂದಿಸಿ ಮುಂದೆ ಸಾಗುವುದು ಆದುದರಿಂದ ಅಷ್ಟು ಸುಲಭವಲ್ಲ.

ಹಾಗಾದರೆ ಬದುಕುವುದು ಹೇಗೆ? ಲೌಕಿಕ ಮಾರ್ಗವನ್ನು ಅನುಸರಿಸತಕ್ಕದ್ದೆಂದು ಗ್ರಂಥದ ಆರಂಭ; ತತ್ತ್ವಗಳೆಲ್ಲವೂ ಉಪಪ್ಲುತವಾದ ಮೇಲೆ ವ್ಯವಹಾರವೆಲ್ಲವೂ ‘ಅವಿಚಾರಿತರಮಣೀಯ’ವೆಂದು, ಎಂದರೆ ವಿಚಾರಿಸದಿರುವವರೆಗೆ ರಮ್ಯವೆಂದು, ಅದರ ಅಂತ್ಯ. ಗ್ರಂಥದ ದೌರ್ಬಲ್ಯವಿರುವುದು ಇಲ್ಲಿಯೇ. ಲೋಕದ ಮಾರ್ಗವೆಂಬುದು ಒಂದಲ್ಲ. ಯಜ್ಞದಲ್ಲಿ ಪಶುವಧೆ ಮಾಡುವುದು ಒಂದು ಲೋಕವ್ಯವಹಾರ. ನೀರನ್ನು ಸೋಸಿ ಕುಡಿಯುವುದು ಇನ್ನೊಂದು. ಎರಡೂ ವಿಚಾರಿಸದಿರುವವರೆಗೆ ರಮ್ಯವೇ. ಹಿಂಸೆ-ಅಹಿಂಸೆಗಳ ನಡುವೆ ಆರಿಸಿಕೊಳ್ಳಬೇಕಾದವನಿಗೆ ಜಯರಾಶಿಯು ಏನನ್ನೂ ಒದಗಿಸಿಕೊಡುವುದಿಲ್ಲ. ಅಷ್ಟೇ ಅಲ್ಲ, ವ್ಯವಹಾರವನ್ನು ರಮಣೀಯವೆಂದು ಕರೆದಾಗ ಅವನೇ ಒಂದು ಮೌಲ್ಯನಿರ್ಣಯವನ್ನು ಮಾಡಿಬಿಟ್ಟಿದ್ದಾನೆ. ಅದಕ್ಕೆ ಪ್ರಮಾಣವನ್ನು ಕೇಳಲು ಅವನ ಮಾತಿನಿಂದಲೇ ಅವಕಾಶವಿದೆ.

ಇತರ ಖಂಡನಕಾರರು ಈ ಪ್ರಶ್ನೆಯನ್ನು ಎದುರಿಸಿದ ಬಗೆಯು ಬೇರೆ. ಎಲ್ಲವೂ ಶೂನ್ಯವಾದರೆ ಧರ್ಮಾಧರ್ಮಗಳೂ ಅವುಗಳ ಫಲವೂ ಇಲ್ಲವಾಗುವುವೆಂಬ ಆಕ್ಷೇಪವನ್ನು ನಾಗಾರ್ಜುನನು ‘ಮೂಲಮಧ್ಯಮಕಕಾರಿಕೆ’ಯ 24ನೆಯ ಪ್ರಕರಣದಲ್ಲಿ ತಾನೇ ಮುಂದಿಟ್ಟು, ಶೂನ್ಯತೆಯಿದ್ದಲ್ಲಿಯೇ ಸಾಧನೆಯು ಸಾಧ್ಯವೆಂದು ಉತ್ತರಿಸುತ್ತಾನೆ. ಸಂವೃತಿಸತ್ಯ, ಪರಮಾರ್ಥಸತ್ಯಗಳ ಭೇದವು ಅವನಿಗೆ ನೆರವಾಗುತ್ತದೆ. ಜಯರಾಶಿಗೆ ಪರಮಾರ್ಥವಿಲ್ಲ, ನಿರ್ವಾಣವೂ ಇಲ್ಲ.

ಗ್ರೀಕ್ ಸಂಶಯವಾದಿ ಸೆಕ್ಸ್‌ಟಸ್ ಎಂಪಿರಿಕಸನಿಗೆ ಅವನು ಹೆಚ್ಚು ಹತ್ತಿರದವನು. ಪ್ರಕೃತಿಯ ಪ್ರೇರಣೆ, ಹಸಿವು ಬಾಯಾರಿಕೆಗಳ ಒತ್ತಾಯ, ಪರಂಪರೆಯಿಂದ ಬಂದ ಕಟ್ಟಳೆ, ಕಲೆಗಳ ಶಿಕ್ಷಣ ಎಂಬ ನಾಲ್ಕನ್ನು ಹಿಡಿದು ಅಭಿನಿವೇಶವಿಲ್ಲದೆ ಬಾಳುವುದು ಸೆಕ್ಸ್‌ಟಸನ ಮಾರ್ಗ. ಘೋರಕೃತ್ಯವನ್ನು ಮಾಡೆಂದು ದುರುಳ ಅರಸನೊಬ್ಬನು ಆಜ್ಞಾಪಿಸಿದರೆ ಏನು ಮಾಡುವೆ ಎಂಬ ಪ್ರಶ್ನೆಯನ್ನು ಅವನು ನೀತಿಜ್ಞರ ವಿರುದ್ಧ ಬರೆದ ಗ್ರಂಥದಲ್ಲಿ ಎತ್ತಿಕೊಳ್ಳುತ್ತಾನೆ. ಹುಟ್ಟಿದ ನಾಡಿನ ಕಟ್ಟಳೆಯು ರೂಢಿಸಿದ ಭಾವನೆಯಂತೆ ನಡೆಯುವೆನೆಂಬುದೇ ಅವನ ಉತ್ತರ. ಕಟ್ಟಳೆಯೇ ಕ್ರೂರವಾಗಿದ್ದಲ್ಲಿ ಈ ಉತ್ತರವೂ ನಿಲ್ಲದು. ಆದರೂ ಪ್ರಶ್ನೆಯ ಭಾರವನ್ನು ಅವನು ಅರಿತಿದ್ದನು.

ಜಯರಾಶಿಯ ತರ್ಕದ ಮುಂದೆ ಸೆಕ್ಸ್‌ಟಸನದು ಹಲವೆಡೆ ಒರಟು. ಮೌಲ್ಯದ ವಿಷಯದಲ್ಲಿ ಮಾತ್ರ ಜಯರಾಶಿಯದೇ ಅವಸರದ ಮಾತು. ‘ಅಷ್ಟಸಹಸ್ರಿ’ಯನ್ನು ಅವನ ಪಾಠದೊಡನೆ ಪಕ್ಕಪಕ್ಕದಲ್ಲಿರಿಸಿ ಓದಬೇಕಾದುದು ಈ ಕಾರಣಕ್ಕಾಗಿ. ಆಪ್ತನಾರು ಎಂಬುದು ಅಲ್ಲಿಯ ಮೂಲಪ್ರಶ್ನೆ. ಯಾರ ಮಾತನ್ನು ನಂಬಿ ನಡೆಯಬೇಕೆಂದು ಕೇಳುವವರಿಗೆ, ಲೋಕವನ್ನು ಅನುಸರಿಸು ಎಂಬುದು ಇನ್ನೊಂದು ಆಪ್ತವಾಕ್ಯವಾಗಿಯೇ ಕೇಳಿಸುತ್ತದೆ.