ಹಳೆಯ ಕೋವಿ ಕೊಳ್ಳುವ ಮುನ್ನ

ಆಯುಧಗಳ ಹಬ್ಬವಾದ ಕೈಲ್ ಮುಹೂರ್ತ ಹತ್ತಿರವಾದಂತೆ ಕೊಡಗಿನಲ್ಲಿ ಕೋವಿಯ ಮಾತು ಹೆಚ್ಚುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು. ಬೇಟೆಗೆಂದೇ ಇಂಗ್ಲೆಂಡಿನಲ್ಲಿ ತಯಾರಾದ 12 ಬೋರ್ ಜೋಡುನಳಿಗೆಗಳು ಮಾತ್ರ ಆಯುಧಪೂಜೆಗೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೂ ಉಳಿದುಕೊಂಡಿವೆ. ಅಂಥದ್ದೊಂದು ಮಾರಾಟಕ್ಕೆ ಬಂದಾಗ ಕೆತ್ತನೆಗೆ, ಹಿಡಿಯ ಹೊಳಪಿಗೆ ಮನಸೋಲದವರು ಕಡಿಮೆ. ನೂರು ವರ್ಷದ ಕೋವಿಯನ್ನು ನಾನು ನಂಬಬಲ್ಲೆ. ಕಸುಬು ಗೊತ್ತಿಲ್ಲದವರ ಅರ ಆಡಿದ ಕೋವಿಯನ್ನು ನಂಬಲಾರೆ.

ಮೊದಲು ಕೋವಿ ತೆರೆದು, ಎರಡೂ ನಳಿಗೆ ಖಾಲಿ ಇವೆಯೇ ನೋಡಿ. ಆಮೇಲೆ ನಳಿಗೆಯ ಬಾಯಿಗೆ ಬನ್ನಿ. ಮೂಲ ಕೋವಿಯಲ್ಲಿ ಎರಡು ಬಾಯಿಗಳು ಒಂದಕ್ಕೊಂದು ತಾಗಿದಂತಿರುತ್ತವೆ. ನಡುವೆ ಸಂದು ಕಂಡು, ಅದಕ್ಕೆ ಬೆಸುಗೆ ತುಂಬಿದ್ದರೆ ನಳಿಗೆಯನ್ನು ಕತ್ತರಿಸಲಾಗಿದೆ ಎಂದೇ ಅನುಮಾನಿಸಿ. ಬಾಯಿಯ ಕಿರಿದಾದ ಭಾಗವಾದ ಚೋಕ್ ಹೋಗಿ ಚರೆ ಚದರುವುದು ಒಂದು ನಷ್ಟ. ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದನ್ನು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ನಿಷೇಧಿಸುತ್ತದೆ ಎಂಬುದು ಅದಕ್ಕಿಂತ ದೊಡ್ಡದು.

ಹೆಚ್ಚು ಅಪಾಯ ಅಡಗಿರುವುದು ತೋಟಾ ಕೂರುವ ಚೇಂಬರಿನಲ್ಲಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹುಪಾಲು 65 ಮಿ.ಮೀ. ತೋಟಾಕ್ಕೆಂದು ಮಾಡಿದವು. ಈಗ ಸಾಮಾನ್ಯವಾಗಿರುವ 70 ಮಿ.ಮೀ. ತೋಟಾ ಬಾಯಿ ಮಡಿಚಿದ್ದರಿಂದ ಆ ಚೇಂಬರಿನೊಳಗೂ ಸಲೀಸಾಗಿ ಕೂರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಜಾಗಕ್ಕೆ ಚಾಚುತ್ತದೆ, ಒತ್ತಡ ಏರುತ್ತದೆ. ಇದನ್ನು ತಪ್ಪಿಸಲೆಂದು ಚೇಂಬರನ್ನೇ ಕೊರೆದು ಉದ್ದ ಮಾಡುವವರಿದ್ದಾರೆ. ಆಗ ಒತ್ತಡ ತಡೆಯಬೇಕಾದ ಜಾಗದಲ್ಲೇ ಲೋಹ ತೆಳುವಾಗುತ್ತದೆ. ನಳಿಗೆಯ ಅಡಿಯಲ್ಲಿರುವ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆ ಓದಿ, ಗೇಜ್ ಹಾಕಿ ಅಳೆಯಿಸಿ. ಮುದ್ರೆಯ ಅಳತೆಗೂ ಗೇಜಿನ ಅಳತೆಗೂ ಹೊಂದದಿದ್ದರೆ ಆ ಮುದ್ರೆಗೆ ಬೆಲೆಯಿಲ್ಲ. ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗೆ ಹೊಗೆರಹಿತ ಮದ್ದಿನ ಮುದ್ರೆ ಇರದಿದ್ದರೆ ಇಂದಿನ ತೋಟಾ ಅದಕ್ಕೆ ಬೇಡವೇ ಬೇಡ.

ಮುಂದೆ ಟ್ರಿಗರ್. ಎಳೆತ ಹಗುರವಾಗಲೆಂದು ಒಳಗಿನ ಕೊಕ್ಕೆಯನ್ನು ಅರದಿಂದ ಸವೆಸುವುದು ಹಳೆಯ ಚಾಳಿ. ಡಮ್ಮಿ ತೋಟಾ ಹಾಕಿ, ಸೇಫ್ಟಿ ಹಾಕಿದ ಸ್ಥಿತಿಯಲ್ಲಿ ಎರಡೂ ಟ್ರಿಗರ್‌ಗಳನ್ನು ಬಲವಾಗಿ ಎಳೆದು ಬಿಡಿ. ಆಮೇಲೆ ಸೇಫ್ಟಿ ತೆಗೆಯಿರಿ. ಒಳಗಿನಿಂದ ಟಕ್ ಎಂಬ ಸದ್ದು ಬಂದರೆ ಕೋವಿ ಬೇಡ. ಹಿಡಿಯ ಬುಡವನ್ನು ಅಂಗೈಯಿಂದ ತಟ್ಟಿದಾಗಲೂ, ಒಂದು ಟ್ರಿಗರ್ ಎಳೆದಾಗ ಇನ್ನೊಂದು ಕಡೆಯೂ ಸದ್ದು ಬರಬಾರದು.

ಕೊನೆಗೆ ನಳಿಗೆಯ ಕೆಳಗಿನ ಮುಂಗೈಮರ ತೆಗೆದು, ಕೋವಿ ಮುಚ್ಚಿ ಅಲುಗಾಡಿಸಿ. ಸಡಿಲವಿದ್ದರೆ ಒಂದು ದೋಷ. ಸಡಿಲವನ್ನು ಮುಚ್ಚಲು ನಳಿಗೆಯನ್ನು ಹಿಡಿದಿಡುವ ಕೊಂಡಿಯ ಮೇಲೆ ಸುತ್ತಿಗೆ ಏಟು ಅಥವಾ ತಗಡಿನ ಬೆಸುಗೆ ಕಂಡರೆ ಮತ್ತೂ ದೊಡ್ಡ ದೋಷ.

ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಆ ವಿನಾಯಿತಿ ಕೋವಿಯ ಉಕ್ಕಿಗೆ ಅನ್ವಯಿಸುವುದಿಲ್ಲ. ಕೋವಿಯ ಮೇಲಿನ ನಂಬರನ್ನು ಕಾಗದದೊಂದಿಗೆ ತಾಳೆ ನೋಡಿ, ನುರಿತ ಕೋವಿ ರಿಪೇರಿಯವರಿಗೆ ತೋರಿಸಿ, ಆಮೇಲೆ ಮುಂಗಡ ಕೊಡಿ. ತೋರಿಸಲು ಒಪ್ಪದ ಮಾರಾಟಗಾರನ ಕೋವಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.